ಒಂದು ಹಿಡಿ ರೇವೆಮಣ್ಣಿನ ಲೆಕ್ಕ

ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಖನಿಜಗಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನೂ ಕುರಿತು ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವಾದೀತು. ನನಗಿರುವ ಅಧಿಕಾರ ಇಷ್ಟೆ: ನನ್ನ ಊರಿನ ಒಂದು ಹಿಡಿ ರೇವೆಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ, ಅದರಲ್ಲಿ ಏನಿದೆಯೆಂದು ಕೇಳಿ, ಉತ್ತರ ಬರುವವರೆಗೆ ಅಳುಕಿನಿಂದ ಕಾದು ಕುಳಿತವನು ನಾನು. ಆ ದಿನ ಕಂಡು ಕಲಿತದ್ದನ್ನು ನಿಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ.

ಊರು ಗುರುಗುಂಟಾ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿಗೆ ಸೇರಿದ್ದು. ನಿಜಾಮರ ಕಾಲದಲ್ಲಿ ಅದೊಂದು ಚಿಕ್ಕ ಸಂಸ್ಥಾನ. ಇಂದಿಗೂ ಸುತ್ತಣ ಸೀಮೆಯವರಿಗೆ ಅಮರೇಶ್ವರನ ಜಾತ್ರೆಯ ಊರು. ಒಂದು ದಿಕ್ಕಿಗೆ ಹೋದರೆ ಹಟ್ಟಿಯ ಚಿನ್ನದ ಗಣಿ, ಇನ್ನೊಂದು ದಿಕ್ಕಿಗೆ ಹೋದರೆ ತಿಂಥಣಿಯಲ್ಲಿ ಕೃಷ್ಣಾ ನದಿ. ಬಾಲ್ಯದಲ್ಲಿ ಮೋನಪ್ಪಯ್ಯನ ದರ್ಶನಕ್ಕೆಂದು ತಿಂಥಣಿಗೆ ಹೋದಾಗ ಹೊಳೆಯ ಮರಳಿನಲ್ಲಿ ಹೊಂಬಣ್ಣದ ಚೂರುಗಳು ಮಿನುಗುವುದನ್ನು ಕಂಡು, ಹಟ್ಟಿಯ ಬಂಗಾರವೇ ಹರಿದುಬಂದಿದೆಯೆಂದು ನಾನು ಅಂಗಿಯ ಜೇಬು ತುಂಬಿಕೊಂಡಿದ್ದೆ. ನಮ್ಮವ್ವ ನಕ್ಕು, “ತಮ್ಮಾ, ಅದು ಬಂಗಾರಲ್ಲ, ಕಾಗಿಬಂಗಾರ” ಎಂದು ಜೇಬು ಕೊಡವಿಸಿದಳು. ಕಾಗೆಬಂಗಾರವೆಂದರೆ ಅಭ್ರಕ. ಮಿನುಗುವುದೆಲ್ಲ ಒಂದೇ ವಸ್ತುವಲ್ಲ ಎಂಬ ಖನಿಜವಿಜ್ಞಾನದ ಮೊದಲ ಪಾಠ ನನಗೆ ಆದದ್ದು ಹೀಗೆ.

ಕಣಗಳನ್ನು ಬೇರ್ಪಡಿಸಿ ನೋಡುವ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಜಲಗಾರ ಎಂದಾಗ ನಮಗೆ ಕುವೆಂಪು ಅವರ ನಾಟಕದ ಬೀದಿ ಗುಡಿಸುವವನು ನೆನಪಾಗುತ್ತಾನೆ. ಆದರೆ ಆ ಮಾತಿಗೆ ನಿಘಂಟು ಕೊಡುವ ಇನ್ನೊಂದು ಅರ್ಥವುಂಟು: ಅಕ್ಕಸಾಲಿಗರ ಕಸವನ್ನೋ ಹಳ್ಳದ ಮರಳನ್ನೋ ತೊಳೆದು ಚಿನ್ನದ ಪುಡಿ ತೆಗೆಯುವವನು. ಧಾರವಾಡ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಇಂಥ ಜಲಗಾರರು ಕೆಲಸ ಮಾಡುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಬರಹಗಳು ದಾಖಲಿಸಿವೆ. ಮರದ ಮರಿಗೆಯಲ್ಲಿ ಮರಳು ನೀರು ತುಂಬಿ ತೂಗಾಡಿಸಿದರೆ, ನೀರಿನ ಎರಡೂವರೆ ಪಟ್ಟು ತೂಗುವ ಬೆಣಚಿನ ಕಣ ಕೊಚ್ಚಿಹೋಗುತ್ತದೆ, ಹತ್ತೊಂಬತ್ತು ಪಟ್ಟು ತೂಗುವ ಚಿನ್ನ ತಳದಲ್ಲಿ ನಿಲ್ಲುತ್ತದೆ. ತೂಕವೇ ಅವನಿಗೆ ತಕ್ಕಡಿ, ತೂಕವೇ ಕಣ್ಣು. ಆದರೆ ಕಣ ತೀರ ನಯವಾದಾಗ ಈ ಉಪಾಯ ಸೋಲುತ್ತದೆ. ನೀರಿನಲ್ಲಿ ತೇಲುವಷ್ಟು ಸಣ್ಣದಾದ ಕಣಕ್ಕೆ ಭಾರವಾವುದು ಹಗುರಾವುದು ಎಂಬ ಭೇದ ಹೆಚ್ಚು ಉಳಿಯುವುದಿಲ್ಲ.

ನನ್ನನ್ನು ಈ ವಿಷಯಕ್ಕೆ ಎಳೆದುತಂದದ್ದು ಚಿನ್ನವಲ್ಲ, ಚಿನ್ನದ ನೆರೆಯಲ್ಲಿರುವ ವಿಷ. ಕೃಷ್ಣೆಯ ಆಚೆಗೆ, ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ ಮಂಗಳೂರು ಎಂಬ ಹಳ್ಳಿಯಿದೆ, ಕರಾವಳಿಯ ಮಂಗಳೂರಲ್ಲ. ಅಲ್ಲಿಯೂ ಹಿಂದೆ ಚಿನ್ನ ತೆಗೆಯುತ್ತಿದ್ದರು. ಆ ಶಿಲಾಪಟ್ಟಿಯ ಊರುಗಳಲ್ಲಿ, ವಿಶೇಷವಾಗಿ ಕಿರದಳ್ಳಿ ತಾಂಡಾದಲ್ಲಿ, ಅಂತರ್ಜಲದಲ್ಲಿ ಆರ್ಸೆನಿಕ್ ಸೇರಿರುವುದನ್ನೂ ಜನರ ಚರ್ಮದ ಮೇಲೆ ಅದರ ಗುರುತು ಮೂಡಿರುವುದನ್ನೂ ವಿವರಿಸುವ ಅಧ್ಯಯನ ೨೦೧೩ರಲ್ಲಿ ಪ್ರಕಟವಾಯಿತು. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆದ ವಿಷದ ಮೂಲಧಾತು. ಅದು ಬೆರೆತ ನೀರಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವರ್ಷಾನುಗಟ್ಟಲೆ ಕುಡಿದ ಮೇಲೆ ಮೈಮೇಲೆ ಕಲೆಗಳು ಏಳುತ್ತವೆ, ಅಂಗೈ ಅಂಗಾಲು ಗಂಟುಗಟ್ಟುತ್ತವೆ, ಕೆಲವರಿಗೆ ಕ್ಯಾನ್ಸರ್ ಕೂಡ ಬರುತ್ತದೆ. ಚಿನ್ನವಿರುವ ನಮ್ಮ ಸೀಮೆಯ ಬಂಡೆಗಳಲ್ಲಿ ಆರ್ಸೆನೋಪೈರೈಟ್ ಎಂಬ ಖನಿಜ ಸಾಮಾನ್ಯ. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಕೂಡಿದ ಆ ಖನಿಜದ ತೂಕದಲ್ಲಿ ನೂರಕ್ಕೆ ೪೬ ಪಾಲು ಆರ್ಸೆನಿಕ್ಕೇ. ಹಟ್ಟಿ-ಮಸ್ಕಿ ಶಿಲಾಪಟ್ಟಿಯ ಅದಿರಿನಲ್ಲಿಯೂ ಚಿನ್ನದ ಸಂಗಾತಿಯಾಗಿ ಅದು ಇದೆ. ಇದನ್ನು ಓದಿದ ಮೇಲೆ ನಮ್ಮ ಹೊಲದ ಬದಿಯ ಹಳ್ಳವೂ ಅದರ ಪಕ್ಕದ ಕೊಳವೆಬಾವಿಯೂ ನನಗೆ ಮೊದಲಿನಂತೆ ಕಾಣಲಿಲ್ಲ.

ನನ್ನ ತಮ್ಮನ ಮಗಳು ಭೂವಿಜ್ಞಾನದಲ್ಲಿ ಸಂಶೋಧನೆ ಮಾಡುವವಳು. ಮಳೆಗಾಲ ಕಳೆದ ಮೇಲೆ ಹಳ್ಳದ ದಂಡೆಯಲ್ಲಿ ಹೊನಲು ಬಿಟ್ಟುಹೋಗಿದ್ದ ರೇವೆಯನ್ನು ಒಂದು ಹಿಡಿ ಒಯ್ದು ಅವಳ ಮುಂದಿಟ್ಟು, “ಇದರೊಳಗೆ ಪಾಷಾಣ ಇದೆಯೇನಮ್ಮಾ?” ಎಂದೆ. ಅವಳು, “ದೊಡ್ಡಪ್ಪಾ, ನೀವು ಕೇಳಿದ್ದು ಒಂದು ಪ್ರಶ್ನೆಯಲ್ಲ, ಎರಡು. ಎಷ್ಟಿದೆ ಅನ್ನೋದು ಒಂದು, ಯಾವುದರೊಳಗೆ ಕೂತಿದೆ ಅನ್ನೋದು ಇನ್ನೊಂದು” ಎಂದಳು.

ಈ ಮಾತನ್ನು ನನ್ನ ಕಸುಬಿನ ಭಾಷೆಗೆ ತಿರುಗಿಸಿಕೊಂಡಾಗ ನನಗೆ ಅರ್ಥವಾಯಿತು. ಒಂದು ಪದ್ಯದಲ್ಲಿ ಎಷ್ಟು ಸಲ ‘ಕ’ ಬಂದಿದೆ, ಎಷ್ಟು ಸಲ ‘ರ’ ಬಂದಿದೆ ಎಂದು ಎಣಿಸಿಕೊಟ್ಟರೆ ಪದ್ಯ ಗೊತ್ತಾದಂತಾಗಲಿಲ್ಲ. ಆ ಅಕ್ಷರಗಳು ‘ಕರ’ ಎಂದು ಕೂಡಿವೆಯೋ ‘ರಕ’ ಎಂದು ಕೂಡಿವೆಯೋ ತಿಳಿಯಬೇಕು. ಮಣ್ಣನ್ನು ಆಮ್ಲದಲ್ಲಿ ಕರಗಿಸಿ ಮಾಡುವ ರಾಸಾಯನಿಕ ಪರೀಕ್ಷೆ ಅಕ್ಷರಗಳ ಎಣಿಕೆಯಂತೆ. ಯಾವ ಧಾತು ಒಟ್ಟು ಎಷ್ಟಿದೆಯೆಂದು ನಿಖರವಾಗಿ ಹೇಳುತ್ತದೆ. ಆದರೆ ಕರಗಿಸಿದ ಕ್ಷಣವೇ ಯಾವ ಧಾತು ಯಾವ ಕಣದಲ್ಲಿತ್ತು ಎಂಬ ಸಾಕ್ಷಿ ಅಳಿಸಿಹೋಗುತ್ತದೆ. ಕಣವನ್ನು ಕೆಡಿಸದೆ, ಅದು ಇದ್ದ ಹಾಗೆಯೇ ಓದಬೇಕೆಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು.

ಸಾಮಾನ್ಯ ಸೂಕ್ಷ್ಮದರ್ಶಕ ಏಕೆ ಸಾಲದು? ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪ ಎಪ್ಪತ್ತು ಎಂಬತ್ತು ಮೈಕ್ರಾನ್ ಇದ್ದೀತು. ಸುಮಾರು ೬೩ ಮೈಕ್ರಾನಿಗಿಂತ ಸಣ್ಣ ಕಣವನ್ನು ರೇವೆಯೆಂದೂ, ಎರಡು ಮೈಕ್ರಾನಿಗಿಂತ ಸಣ್ಣದನ್ನು ಜೇಡಿಯೆಂದೂ ಕರೆಯುತ್ತಾರೆ. ಬೆಳಕಿನ ಅಲೆಯ ಉದ್ದವೇ ಅರ್ಧ ಮೈಕ್ರಾನಿನ ಆಸುಪಾಸು. ದಪ್ಪ ಬೆರಳಿನಿಂದ ಸಣ್ಣ ಅಕ್ಷರವನ್ನು ತಡವಿ ಓದಲಾಗದಂತೆ, ಆ ಅಲೆಯಿಂದ ಸುಮಾರು ಐದರಲ್ಲೊಂದು ಮೈಕ್ರಾನಿಗಿಂತ ಸಣ್ಣ ವಿವರವನ್ನು ಗುರುತಿಸಲಾಗದು. ಎಲೆಕ್ಟ್ರಾನಿನ ಅಲೆ ಇದಕ್ಕಿಂತ ಸಾವಿರಾರು ಪಟ್ಟು ಕಿರಿದು. ಬರ್ಲಿನ್ನಿನಲ್ಲಿ ನೋಲ್ ಮತ್ತು ರುಸ್ಕಾ ಎಂಬವರು ೧೯೩೧ರಲ್ಲಿ ಎಲೆಕ್ಟ್ರಾನುಗಳಿಂದ ಬಿಂಬ ಮೂಡಿಸುವ ಮೊದಲ ಯಂತ್ರ ಕಟ್ಟಿದರು. ಆ ಕೆಲಸಕ್ಕಾಗಿ ರುಸ್ಕಾಗೆ ನೊಬೆಲ್ ಪಾರಿತೋಷಕ ಬಂದದ್ದು ಐವತ್ತೈದು ವರ್ಷಗಳ ತರುವಾಯ, ೧೯೮೬ರಲ್ಲಿ.

ನಾನು ಕಂಡ ಯಂತ್ರ ಎಲೆಕ್ಟ್ರಾನುಗಳ ಕಿರಿದಾದ ಧಾರೆಯನ್ನು ನಿರ್ವಾತದಲ್ಲಿ ಕಣಗಳ ಮೇಲೆ ಸಾಲು ಸಾಲಾಗಿ ಆಡಿಸುತ್ತದೆ, ನೇಗಿಲು ಹೊಲದಲ್ಲಿ ಸಾಲು ಹೊಡೆದ ಹಾಗೆ. ಅದಕ್ಕೆ ಮುನ್ನ ಮಣ್ಣಿಗೆ ಸಂಸ್ಕಾರ ನಡೆಯಬೇಕು. ಒಣಗಿಸಿದ ರೇವೆಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ ಬಿಲ್ಲೆಯಾಗಿ ಗಟ್ಟಿಮಾಡುತ್ತಾರೆ. ಬಿಲ್ಲೆಯ ಮುಖವನ್ನು ತೇದು ಕನ್ನಡಿಯಂತೆ ನುಣುಪು ಮಾಡಿದಾಗ ಸಾವಿರಾರು ಕಣಗಳು ಸೀಳಿದ ಮುಖ ತೋರುತ್ತವೆ. ವಿದ್ಯುತ್ತು ಹರಿಯದ ಖನಿಜದ ಮೇಲೆ ಎಲೆಕ್ಟ್ರಾನುಗಳು ಶೇಖರವಾಗಿ ಚಿತ್ರ ಕೆಡದಿರಲೆಂದು ಮೇಲೆ ಇಂಗಾಲದ ತೆಳು ಲೇಪ ಕೊಡುತ್ತಾರೆ. ಈ ಸಿದ್ಧತೆಯಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಧಾರೆ ಕಣಕ್ಕೆ ತಗುಲಿದಾಗ ನಡೆಯುವ ಸಂಗತಿಗಳಲ್ಲಿ ಎರಡು ನಮಗೆ ಮುಖ್ಯ. ಮೊದಲನೆಯದು, ಕೆಲವು ಎಲೆಕ್ಟ್ರಾನುಗಳು ಬಂದ ದಾರಿಯಲ್ಲೇ ಹಿಂದಕ್ಕೆ ಚಿಮ್ಮುತ್ತವೆ. ಧಾತುವಿನ ಪರಮಾಣು ಸಂಖ್ಯೆ ದೊಡ್ಡದಾದಷ್ಟೂ ಹೆಚ್ಚು ಎಲೆಕ್ಟ್ರಾನುಗಳು ಹಿಂದಿರುಗುವುದರಿಂದ ಭಾರವಾದ ಧಾತುಗಳಿರುವ ಕಣ ಪರದೆಯ ಮೇಲೆ ಬೆಳ್ಳಗೆ, ಹಗುರ ಧಾತುಗಳದ್ದು ಬೂದುಬಣ್ಣವಾಗಿ ಕಾಣುತ್ತದೆ. ಬೆಣಚಿನ ಕಣ ಮಂಕು, ಕಬ್ಬಿಣದ ಆಕ್ಸೈಡ್ ಬಿಳುಪು, ಆರ್ಸೆನೋಪೈರೈಟ್ ಇನ್ನೂ ಬಿಳುಪು; ಚಿನ್ನವಿದ್ದರೆ ಅಮಾವಾಸ್ಯೆಯ ಇರುಳಿನಲ್ಲಿ ಚುಕ್ಕೆ ಮೂಡಿದಂತೆ.

ಎರಡನೆಯದು, ಧಾರೆಯ ಪೆಟ್ಟಿಗೆ ಒಳಗಾದ ಧಾತು ತನ್ನದೇ ಆದ ಶಕ್ತಿಯ ಕ್ಷ-ಕಿರಣವನ್ನು ಹೊರಸೂಸುತ್ತದೆ. ಪ್ರತಿ ಧಾತುವಿಗೂ ಈ ಶಕ್ತಿ ಅದರ ಪರಮಾಣು ಸಂಖ್ಯೆಗೆ ಅನುಸಾರವಾಗಿ ನಿಶ್ಚಿತವೆಂದು ೧೯೧೩ರಲ್ಲಿ ತೋರಿಸಿಕೊಟ್ಟವನು ಮೋಸ್ಲಿ ಎಂಬ ಇಂಗ್ಲಿಷ್ ತರುಣ. ಎರಡೇ ವರ್ಷದಲ್ಲಿ ಯುದ್ಧಭೂಮಿಯಲ್ಲಿ ಮಡಿದ. ಕ್ಷ-ಕಿರಣಗಳ ಶಕ್ತಿಯನ್ನು ಅಳೆದರೆ ಧಾತುಗಳ ಹೆಸರು, ಅವುಗಳ ಎಣಿಕೆಯನ್ನು ಪರಿಚಿತ ಖನಿಜದ ಎಣಿಕೆಯೊಂದಿಗೆ ಹೋಲಿಸಿದರೆ ಪ್ರಮಾಣ ದೊರೆಯುತ್ತವೆ. ಈ ವಿಧಾನಕ್ಕೆ ೧೯೫೧ರಲ್ಲಿ ಪ್ಯಾರಿಸ್ಸಿನ ತನ್ನ ಪ್ರೌಢಪ್ರಬಂಧದಲ್ಲಿ ಭದ್ರವಾದ ತಳಹದಿ ಹಾಕಿದವನು ಕಾಸ್ತೇನ್. ಸಿಲಿಕಾನ್ ಮತ್ತು ಆಮ್ಲಜನಕ ಮಾತ್ರ ಕಂಡರೆ ಬೆಣಚು. ಕ್ಯಾಲ್ಸಿಯಂ, ಇಂಗಾಲ, ಆಮ್ಲಜನಕ ಕಂಡರೆ ಸುಣ್ಣದ ಹರಳು. ಕಬ್ಬಿಣದ ಜೊತೆ ಗಂಧಕವಿದ್ದರೆ ಪೈರೈಟ್ ಬಳಗ. ಧಾತುಗಳ ಕೂಟದಿಂದ ಖನಿಜದ ಹೆಸರನ್ನು ಊಹಿಸುವುದು ಹೀಗೆ. ಆದರೆ ಒಂದೇ ಧಾತುಗಳಿಂದಾಗಿ ಒಳಕಟ್ಟಿನಲ್ಲಿ ಬೇರೆಯಾದ ಖನಿಜಗಳೂ ಉಂಟು. ಅಲ್ಲಿ ಈ ಯಂತ್ರದ ಮಾತೊಂದೇ ಸಾಲದು, ಹರಳಿನ ಕಟ್ಟಡವನ್ನು ತಿಳಿಸುವ ಬೇರೆ ಕ್ಷ-ಕಿರಣ ಪರೀಕ್ಷೆ ಬೇಕಾಗುತ್ತದೆ.

ಇನ್ನು ಎಣಿಕೆ. ಸೀಳಿದ ಮುಖವನ್ನು ಮಾತ್ರ ನೋಡಿ ಇಡೀ ಮಣ್ಣಿನ ಪ್ರಮಾಣವನ್ನು ಹೇಗೆ ಹೇಳುವುದು? ಇದಕ್ಕೆ ೧೮೪೭ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ದೆಲೆಸ್ ಉತ್ತರ ಕೊಟ್ಟಿದ್ದಾನೆ. ನಮ್ಮ ಕಡೆಯ ಶೇಂಗಾದ ಉಂಡಿಯನ್ನು ಚಾಕುವಿನಿಂದ ಸೀಳಿ ನೋಡಿ. ಸೀಳಿದ ಮುಖದಲ್ಲಿ ಶೇಂಗಾ ಎಷ್ಟು ಪಾಲು ಜಾಗ ಹಿಡಿದಿದೆಯೋ, ಚೆನ್ನಾಗಿ ಕಲಸಿದ ಉಂಡಿಯ ಗಾತ್ರದಲ್ಲಿಯೂ ಶೇಂಗಾ ಸರಾಸರಿ ಅಷ್ಟೇ ಪಾಲು ಇರುತ್ತದೆ. ಗಾತ್ರ ತಿಳಿದ ಮೇಲೆ ಪ್ರತಿ ಖನಿಜದ ಸಾಂದ್ರತೆಯಿಂದ ಗುಣಿಸಿದರೆ ತೂಕ. ಒಂದೇ ಸೀಳಿನಿಂದ ತೀರ್ಮಾನ ಮಾಡಬಾರದು ಎಂಬುದೊಂದು ಎಚ್ಚರಿಕೆ. ನೂರು ಕಣ ಎಣಿಸಿ ಹತ್ತು ಕಂಡರೆ ಆ ಹತ್ತರಲ್ಲಿ ಮೂರು ಹೆಚ್ಚುಕಡಿಮೆಯಾಗುವುದು ಸಹಜ. ಹತ್ತು ಸಾವಿರ ಎಣಿಸಿ ಸಾವಿರ ಕಂಡರೆ ಹೆಚ್ಚುಕಡಿಮೆ ಬರಿಯ ಮೂವತ್ತು. ಆದುದರಿಂದಲೇ ಈಗ ಯಂತ್ರವೇ ಇರುಳೆಲ್ಲ ನಡೆದು ಸಾವಿರಾರು ಕಣಗಳನ್ನು ಒಂದೊಂದಾಗಿ ಓದಿ ಹೆಸರು ಹಚ್ಚುವ ವ್ಯವಸ್ಥೆ ಬಂದಿದೆ.

ನಮ್ಮ ಹಳ್ಳದ ರೇವೆಯನ್ನೂ ಹಾಗೆಯೇ ಓದಿಸಿದರು. ಬೆಳಿಗ್ಗೆ ನಾನು ಹೋಗಿ ನೋಡುವಾಗ ಪರದೆಯ ಮೇಲೆ ಬೆಣಚು, ಫೆಲ್ಡ್‌ಸ್ಪಾರ್, ಕಬ್ಬಿಣದ ಆಕ್ಸೈಡುಗಳು, ಸುಣ್ಣದ ಚೂರುಗಳು ಎಂದು ಪಟ್ಟಿ ಸಾಗಿತ್ತು. ನಡುವೆ ಕೆಲವು ಕಣಗಳ ಮುಂದೆ ಆರ್ಸೆನಿಕ್ ಎಂಬ ಹೆಸರು! ಓದುತ್ತಿದ್ದಂತೆ ನನ್ನ ಬಾಯಿ ಒಣಗಿತು. ಆ ಹಳ್ಳದ ದಂಡೆಯ ನೀರು ಕುಡಿದು ಬೆಳೆದವರು ನಾವು. ಇಂದು ಕುಡಿಯುತ್ತಿರುವವರು ನಮ್ಮ ಮಕ್ಕಳು. ನನ್ನ ಮುಖ ಕಂಡು ಹುಡುಗಿ ಊರ ಮಾತಿಗೆ ಇಳಿದಳು: “ಅಂಜಬ್ಯಾಡ್ರಿ ದೊಡ್ಡಪ್ಪಾ. ಯಂತ್ರ ಹೆಸರು ಹಚ್ಚತದ; ಅದು ಖರೇನೋ ಸುಳ್ಳೋ ನೋಡೋದು ನಮ್ಮ ಕೆಲಸ.”

ಅವಳು ನೋಡಿದ ಬಗೆಯನ್ನು ವಿವರಿಸಲೇಬೇಕು. ಆರ್ಸೆನಿಕ್ ಸೂಸುವ ಕ್ಷ-ಕಿರಣಗಳಲ್ಲಿ ಒಂದರ ಶಕ್ತಿ ೧.೨೮ ಕಿಲೋ ಎಲೆಕ್ಟ್ರಾನ್ ವೋಲ್ಟ್. ಮೆಗ್ನೀಶಿಯಂ ಎಂಬ ನಿರಪಾಯಕಾರಿ ಧಾತುವಿನದು ೧.೨೫. ಈ ಎರಡು ಗೆರೆಗಳನ್ನು ಬಿಡಿಸಿ ತೋರುವಷ್ಟು ಸೂಕ್ಷ್ಮತೆ ಆ ಮಾಪಕಕ್ಕಿಲ್ಲ. ತಾಳೆಗರಿಯಲ್ಲಿ ‘ದ’ಕಾರವೋ ‘ಧ’ಕಾರವೋ ಎಂದು ಸಣ್ಣ ಸೀಳೊಂದರಿಂದ ನಿರ್ಣಯಿಸಬೇಕಾಗಿ ಬಂದು, ಗರಿ ಸವೆದಿದ್ದರೆ ಸಂಪಾದಕ ತಬ್ಬಿಬ್ಬಾಗುವಂತೆ ಇದು. ಅಂಥಲ್ಲಿ ಒಳ್ಳೆಯ ಸಂಪಾದಕ ಒಂದು ಅಕ್ಷರವನ್ನು ನಂಬದೆ ಅಕ್ಕಪಕ್ಕ ನೋಡುತ್ತಾನೆ. ಇವಳೂ ಹಾಗೆಯೇ ಮಾಡಿದಳು. ಆರ್ಸೆನಿಕ್‌ಗೆ ೧೦.೫ರ ಸಮೀಪ ಇನ್ನೊಂದು ಗೆರೆಯುಂಟು, ಅಲ್ಲಿ ಮೆಗ್ನೀಶಿಯಂ ಇಲ್ಲ. ಧಾರೆಯ ಬಲ ಹೆಚ್ಚಿಸಿ ಅಲ್ಲಿ ನೋಡಿದಳು, ಏನೂ ಇರಲಿಲ್ಲ. ಆರ್ಸೆನೋಪೈರೈಟ್ ಆಗಿದ್ದರೆ ಗಂಧಕವಿರಬೇಕು, ಇರಲಿಲ್ಲ. ಕಣ ಅಚ್ಚ ಬಿಳುಪಾಗಿರಬೇಕು. ಇದು ಮಂಕು ಬೂದು. ಬದಲಾಗಿ ಪೊಟ್ಯಾಸಿಯಂ, ಅಲ್ಯುಮಿನಿಯಂ, ಸಿಲಿಕಾನ್, ಕಬ್ಬಿಣ, ಮೆಗ್ನೀಶಿಯಂ ಕಂಡವು. ಚಿತ್ರವನ್ನು ಹಿಗ್ಗಿಸಿದಾಗ ಬದಿಯಿಂದ ನೋಡಿದ ಹಳೆಯ ಪುಸ್ತಕದಂತೆ ಪದರ ಪದರವಾದ ಕಣ. ಅದು ಕರಿ ಅಭ್ರಕ. ಸವೆದಾಗ ಹೊಂಬಣ್ಣ ತಾಳುವಂಥದು. ಅರವತ್ತು ವರ್ಷಗಳ ಹಿಂದೆ ತಿಂಥಣಿಯ ಹೊಳೆಯಲ್ಲಿ ಬಂಗಾರವೆಂದು ನನ್ನನ್ನು ಏಮಾರಿಸಿದ್ದ ಕಾಗೆಬಂಗಾರವೇ ಈಗ ಪಾಷಾಣವೆಂದು ಯಂತ್ರವನ್ನು ಏಮಾರಿಸಿತ್ತು.

ಹಾಗಾದರೆ ನಮ್ಮ ರೇವೆಯಲ್ಲಿ ವಿಷವಿಲ್ಲ ಎಂದು ಬರೆದುಕೊಳ್ಳಲೇ ಎಂದೆ. ಅವಳು ಒಪ್ಪಲಿಲ್ಲ. “ಕಾಣಲಿಲ್ಲ ಅಂತ ಬರೆಯಿರಿ, ಇಲ್ಲ ಅಂತ ಬರೆಯಬೇಡಿ” ಎಂದಳು. ಮೂರು ಸಾವಿರ ಕಣ ನೋಡಿ ಒಂದೂ ಸಿಗದಿದ್ದರೆ, ಸಾವಿರಕ್ಕೆ ಒಂದರವರೆಗೆ ಇದ್ದರೂ ಇದ್ದೀತೆಂದೇ ತಿಳಿಯಬೇಕು. ತೂಕದಲ್ಲಿ ಸಾವಿರದ ಒಂದು ಪಾಲು ಆರ್ಸೆನೋಪೈರೈಟ್ ಇದ್ದರೂ ಒಂದು ಕಿಲೋ ಮಣ್ಣಿನಲ್ಲಿ ಅರ್ಧ ಗ್ರಾಮಿಗೆ ಸಮೀಪ ಆರ್ಸೆನಿಕ್ ಇದ್ದಂತಾಯಿತು, ಅದು ಅಲ್ಪವಲ್ಲ. ಆದುದರಿಂದ ಒಟ್ಟು ಎಷ್ಟೆಂದು ತಿಳಿಯಲು ರಾಸಾಯನಿಕ ಪರೀಕ್ಷೆಯೇ ಬೇಕು. ಯಾವುದರೊಳಗೆ ಎಂದು ತಿಳಿಯಲು ಸೂಕ್ಷ್ಮದರ್ಶಕ ಬೇಕು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಯಾವುದರೊಳಗೆ ಎಂಬ ಪ್ರಶ್ನೆಗೆ ಇಷ್ಟು ಬೆಲೆಯೇಕೆ? ಗಟ್ಟಿ ಬಂಡೆಯೊಳಗೆ ಗಾಳಿ ನೀರು ಸೋಕದೆ ಕುಳಿತ ಆರ್ಸೆನೋಪೈರೈಟಿನಲ್ಲಿ ಆರ್ಸೆನಿಕ್ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದಂತೆ. ಬಂಡೆಯನ್ನು ನಯವಾಗಿ ಅರೆದು ಬಯಲಿನಲ್ಲಿ ಸುರಿದರೆ, ಅಥವಾ ಅದು ತಾನಾಗಿ ಶಿಥಿಲವಾದರೆ, ಖನಿಜ ತುಕ್ಕು ಹಿಡಿಯುತ್ತದೆ. ಬಿಡುಗಡೆಯಾದ ಆರ್ಸೆನಿಕ್‌ನಲ್ಲಿ ಬಹುಪಾಲು ಕಬ್ಬಿಣದ ತುಕ್ಕಿನ ಮೇಲೆ ಅಂಟಿಕೊಳ್ಳುತ್ತದೆ. ಆದರೆ ನೀರಿನ ಗುಣ ಬದಲಾದಾಗ ಅಲ್ಲಿಂದ ಕಳಚಿ ಬಾವಿಗೆ ಇಳಿಯಬಲ್ಲದು. ಒಟ್ಟು ಪ್ರಮಾಣ ಒಂದೇ ಇರುವ ಎರಡು ಮಣ್ಣುಗಳಲ್ಲಿ ಒಂದು ನಿದ್ರಿಸುತ್ತಿರಬಹುದು, ಇನ್ನೊಂದು ಎದ್ದು ನಡೆಯುತ್ತಿರಬಹುದು. ಚಿನ್ನದ ಲೆಕ್ಕವೂ ಹೀಗೆಯೇ. ಅದಿರಿನಲ್ಲಿ ಚಿನ್ನವಿರುವುದು ಟನ್ನಿಗೆ ಕೆಲವೇ ಗ್ರಾಂ. ಮೂರು ಗ್ರಾಂ ಎಂದಿಟ್ಟುಕೊಂಡರೆ ಅದರ ಗಾತ್ರ ಐದಾರು ಜೋಳದ ಕಾಳಿನಷ್ಟು. ಅಷ್ಟೂ ಚಿನ್ನ ಬಿಡಿ ಕಣಗಳಾಗಿದ್ದರೆ ತೆಗೆಯುವುದು ಸುಲಭ. ಇನ್ನೊಂದು ಖನಿಜದ ಗರ್ಭದಲ್ಲಿ ಅಡಗಿದ್ದರೆ ಎಷ್ಟಿದೆಯೆಂದು ತಿಳಿದೂ ಕೈಗೆ ಬಾರದು.

ಈ ವಿದ್ಯೆಯ ಎಲ್ಲೆಯನ್ನೂ ಹೇಳಿಬಿಡಬೇಕು. ಧಾರೆ ತಗುಲಿದ ಬಿಂದು ಎಷ್ಟೇ ಕಿರಿದಾದರೂ, ಒಳಹೊಕ್ಕ ಎಲೆಕ್ಟ್ರಾನುಗಳು ಚದರಿ ಎರಡು ಮೂರು ಮೈಕ್ರಾನ್ ಆಳ ಅಗಲದಿಂದ ಕ್ಷ-ಕಿರಣ ಎಬ್ಬಿಸುತ್ತವೆ. ಕಣ ಅದಕ್ಕಿಂತ ಸಣ್ಣದಾದರೆ ನೆರೆಯ ಕಣದ ಮಾತೂ ಬೆರೆತು ಕೇಳಿಸುತ್ತದೆ. ನಮ್ಮ ಎರೆಭೂಮಿಯನ್ನು ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯಿಸಿ ಮಳೆಯಲ್ಲಿ ಉಬ್ಬಿಸುವ ಜೇಡಿಖನಿಜದ ಒಂದೊಂದು ಹಾಳೆ ಮೈಕ್ರಾನಿನ ಸಾವಿರದ ಒಂದು ಭಾಗದಷ್ಟು ತೆಳು. ಹಾಳೆಗಳ ನಡುವೆ ನೀರು ನುಗ್ಗುವುದರಿಂದಲೇ ಆ ಉಬ್ಬು. ಅದನ್ನು ಓದಲು ಧಾರೆ ಕಣವನ್ನು ದಾಟಿಹೋಗುವ ಇನ್ನೊಂದು ಬಗೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಆಗಬೇಕು.

ಹೆಸರಿನ ವಿಷಯದಲ್ಲಿ ಈ ಎಚ್ಚರ ನಮ್ಮ ಸೀಮೆಗೆ ಒಪ್ಪುವಂಥದೇ. ಹಟ್ಟಿಯ ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡುಗಳ ಕಾಲನಿರ್ಣಯದಿಂದ ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗಣಿಗಾರಿಕೆ ನಡೆದಿತ್ತೆಂದು ತಿಳಿದಿದೆ. ಅದೇ ಚಿನ್ನದ ಸುಳಿವು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ೧೯೧೫ರಲ್ಲಿ ಮಸ್ಕಿಯ ಬಂಡೆಯ ಮೇಲೆ ಶಾಸನವೊಂದು ಕಂಡಿತು. ಅದರಲ್ಲಿ ಅಶೋಕ ಎಂಬ ಹೆಸರಿತ್ತು. ದೇವಾನಾಂಪ್ರಿಯನೆಂಬ ಬಿರುದಿನಿಂದ ಮಾತ್ರ ಪರಿಚಿತನಾಗಿದ್ದ ಶಾಸನಕರ್ತ ಯಾರೆಂಬುದು ಆ ಒಂದು ಹೆಸರಿನಿಂದ ಖಚಿತವಾಯಿತು. ಸರಿಯಾಗಿ ಓದಿದ ಒಂದು ಹೆಸರಿನ ಬೆಲೆ ಅಷ್ಟು.

ಊರಿಗೆ ಮರಳಿ ನಮ್ಮ ಕೊಳವೆಬಾವಿಯ ನೀರನ್ನೂ ಪರೀಕ್ಷೆಗೆ ಕಳುಹಿಸಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧೦ ಮೈಕ್ರೋಗ್ರಾಂ ಆರ್ಸೆನಿಕ್‌ಗಿಂತ ಹೆಚ್ಚು ಇರಬಾರದೆಂಬುದು ನಿಯಮ; ನಮ್ಮದು ಆ ಮಿತಿಯ ಒಳಗೇ ಇತ್ತು. ಸುದ್ದಿ ತಿಳಿದ ನೆರೆಯವರು, “ಸರ, ಹಂಗಾದ್ರ ನಮ್ಮ ಬಾವಿ ನೀರೂ ಛಲೋನೇ ಬಿಡ್ರಿ” ಎಂದರು. ನಾನು ಅಲ್ಲವೆಂದೆ. ಬಂಡೆಯ ಬಿರುಕುಗಳಲ್ಲಿ ಹರಿಯುವ ನೀರು ನೂರು ಮಾರು ದೂರದಲ್ಲಿ ಬೇರೆಯೇ ಆಗಿರಬಲ್ಲದು. ಒಂದು ಬಾವಿಯ ಸಾಕ್ಷಿ ಇನ್ನೊಂದಕ್ಕೆ ನಡೆಯದು. ಮರುದಿನ ಅವರ ಬಾವಿಯ ನೀರನ್ನೂ ತೊಳೆದ ಸೀಸೆಯಲ್ಲಿ ತುಂಬಿ, ಸೀಸೆಯ ಮೇಲೆ ಅವರ ಹೆಸರನ್ನು ತಪ್ಪಿಲ್ಲದೆ ಬರೆದು ಕಳುಹಿಸಿಕೊಟ್ಟೆವು.
</pi​ece>